ಮಸೂರ ತೆಗೆದು ಬೆಳಕು ಕೊಟ್ಟ ಡಾ. ಮೋದಿ

ಕೊಟ್ಟೂರು: ಅಜ್ಜನ ಕನ್ನಡಕವನ್ನು ಕದ್ದೊಯ್ದು ಬಿಸಿಲಿಗೆ ಹಿಡಿದು, ಹತ್ತಿಯನ್ನೋ ಒಣಹುಲ್ಲನ್ನೋ ಹೊತ್ತಿಸಿದ ನೆನಪು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಭಾಗದಲ್ಲಿ ಐವತ್ತು ದಾಟಿದ ಅನೇಕರಿಗೆ ಇದ್ದೀತು. ಎಲ್ಲ ಕನ್ನಡಕಗಳೂ ಈ ಕೆಲಸಕ್ಕೆ ಬಾರವು. ನಲವತ್ತರ ನಂತರ ಬರುವ ಚಾಳೀಸಿನ ಗಾಜು ಬಿಸಿಲನ್ನು ಅರ್ಧ ಮೀಟರಿನಷ್ಟು ದೂರದಲ್ಲಿ ಕೂಡಿಸುತ್ತದೆ. ಅಲ್ಲಿ ಬೀಳುವ ಬೆಳಕಿನ ಬಿಲ್ಲೆ ಮಂಕಾಗಿರುತ್ತದೆ, ಸುಡುವುದಿಲ್ಲ. ನಡುವೆ ಉಬ್ಬಿಕೊಂಡು ಸೋಡಾ ಬಾಟಲಿಯ ತಳದಂತೆ ಕಾಣುತ್ತಿದ್ದ ದಪ್ಪ ಗಾಜು ಮಾತ್ರ ಹತ್ತು ಸೆಂಟಿಮೀಟರ್ ಅಂತರದಲ್ಲೇ ಸೂರ್ಯನನ್ನು ಚುಕ್ಕಿಯಾಗಿಸುತ್ತಿತ್ತು. ಅಂಥ ಗಾಜು ಧರಿಸಿದವರು ಬಹುಮಟ್ಟಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಕರ್ನಾಟಕದಲ್ಲಿ ಆ ಶಸ್ತ್ರಚಿಕಿತ್ಸೆಯ ಮಾತು ಬಂದಾಗ ಅಂದು ಮೊದಲು ನೆನಪಾಗುತ್ತಿದ್ದ ಹೆಸರು ಡಾ. ಎಂ.ಸಿ. ಮೋದಿ ಅವರದು.

ಮುರುಗಪ್ಪ ಚನ್ನವೀರಪ್ಪ ಮೋದಿ 1916ರಲ್ಲಿ ಅಂದಿನ ವಿಜಾಪುರ ಜಿಲ್ಲೆಗೆ ಸೇರಿದ್ದ, ಈಗ ಬಾಗಲಕೋಟೆ ಜಿಲ್ಲೆಯಲ್ಲಿರುವ ಬೀಳಗಿಯಲ್ಲಿ ಜನಿಸಿದರು. ಕನ್ನಡ ನಾಡು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿತ್ತು. ಬೀಳಗಿ ಮುಂಬಯಿ ಪ್ರಾಂತ್ಯದಲ್ಲಿದ್ದರೆ, ಮೇಲೆ ಹೇಳಿದ ಐದು ತಾಲೂಕುಗಳ ಸೀಮೆ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಬೆಂಗಳೂರಿನಲ್ಲಿ 1896ರಷ್ಟು ಹಿಂದೆಯೇ ಆರಂಭವಾಗಿ ಮುಂದೆ ಮಿಂಟೋ ಹೆಸರು ಪಡೆದ ಕಣ್ಣಾಸ್ಪತ್ರೆ ಮೈಸೂರು ಸಂಸ್ಥಾನದ ಪ್ರಜೆಗಳಿಗೆ ಆಸರೆಯಾಗಿತ್ತು. ಸಂಸ್ಥಾನದ ಗಡಿಯಾಚೆಯ ಒಣಭೂಮಿಯ ರೈತನಿಗೆ ಅದು ದೂರದ ಮಾತು. ಬಿಸಿಲಲ್ಲಿ ದುಡಿದು, ಒಲೆಯ ಹೊಗೆಯಲ್ಲಿ ಬೆಂದು, ಅರವತ್ತರ ಹೊತ್ತಿಗೆ ಕಣ್ಣು ಮಂಜಾದರೆ ಅದು ವಯಸ್ಸಿನ ಸಹಜ ಗತಿಯೆಂದು ಒಪ್ಪಿಕೊಂಡು ಪಡಸಾಲೆಯ ಮೂಲೆ ಹಿಡಿಯುವುದೇ ರೂಢಿಯಾಗಿತ್ತು.

ವೈದ್ಯವೃತ್ತಿ ಹಿಡಿದ ತರುಣ ಮೋದಿ ಅವರ ಬದುಕಿನ ದಿಕ್ಕು ಬದಲಾದದ್ದು 1942ರಲ್ಲಿ. ಚಲೇಜಾವ್ ಚಳವಳಿಯ ಆ ವರ್ಷ ಗಾಂಧೀಜಿಯವರ ಕರೆಯ ಪ್ರಭಾವಕ್ಕೆ ಒಳಗಾದ ಅವರು ಖಾಸಗಿ ವೃತ್ತಿಯನ್ನು ಬದಿಗಿಟ್ಟು, ಬಡವರ ಕಣ್ಣಿನ ಚಿಕಿತ್ಸೆಯನ್ನೇ ತಮ್ಮ ಸೇವೆಯಾಗಿ ಆಯ್ದುಕೊಂಡರು. ಮರುವರ್ಷ, 1943ರಲ್ಲಿ, ಇಂದಿನ ಗುಜರಾತಿನ ಪಾಟಣದಲ್ಲಿ ಅವರ ಮೊದಲ ಉಚಿತ ನೇತ್ರ ಶಿಬಿರ ನಡೆಯಿತು. ಅಲ್ಲಿಂದ ಮುಂದಿನ ಅರ್ಧ ಶತಮಾನ ಅವರು ಒಂದೆಡೆ ನಿಲ್ಲಲಿಲ್ಲ. ರೋಗಿ ಆಸ್ಪತ್ರೆಗೆ ಬಾರದಿದ್ದರೆ ಆಸ್ಪತ್ರೆಯೇ ರೋಗಿಯ ಬಳಿಗೆ ಹೋಗಬೇಕೆಂಬ ಸರಳ ತರ್ಕ ಅವರದಾಗಿತ್ತು. ಸಂಚಾರಿ ಕಣ್ಣಾಸ್ಪತ್ರೆ ಎಂಬ ಕಲ್ಪನೆ ಈ ನಾಡಿನ ಹಳ್ಳಿಗಳಿಗೆ ಪರಿಚಯವಾದದ್ದು ಹೆಚ್ಚಾಗಿ ಅವರ ಮೂಲಕ. ಜನ ಅವರನ್ನು ಕಣ್ಣು ಕೊಟ್ಟ ಅಣ್ಣ ಎಂದು ಕರೆದರು.

ಕೊಟ್ಟದ್ದೇನು, ತೆಗೆದದ್ದೇನು

ಜನ ಕೊಟ್ಟ ಆ ಹೆಸರಿನಲ್ಲಿ ಪ್ರೀತಿ ಇದೆ, ಆದರೆ ವಿಜ್ಞಾನದ ದೃಷ್ಟಿಯಿಂದ ಅದು ಅರ್ಧ ಸತ್ಯ. ಮೋದಿ ಅವರು ಕಣ್ಣಿಗೆ ಏನನ್ನೂ ಸೇರಿಸುತ್ತಿರಲಿಲ್ಲ, ಕಣ್ಣಿನಿಂದ ಒಂದು ಭಾಗವನ್ನು ತೆಗೆಯುತ್ತಿದ್ದರು. ಆ ಭಾಗವೇ ಕಣ್ಣಿನ ಮಸೂರ.

ಕಣ್ಣಿನ ಪಾಪೆಯ ಹಿಂದೆ ತೂಗುಬಿದ್ದಿರುವ ಈ ಪಾರದರ್ಶಕ ಬಿಲ್ಲೆಯ ಅಗಲ ಒಂದು ಸೆಂಟಿಮೀಟರಿಗೆ ತುಸು ಕಡಿಮೆ, ನಡುವಿನ ದಪ್ಪ ಸುಮಾರು 4 ಮಿಲಿಮೀಟರ್. ಮಸೂರ ಎಂಬ ಹೆಸರೇ ಕಾಳಿನಿಂದ ಬಂದದ್ದು. ಎರಡೂ ಬದಿ ಉಬ್ಬಿರುವ ಮಸೂರ ಕಾಳಿನ ಆಕಾರವನ್ನು ಕಂಡೇ ಸಂಸ್ಕೃತ ಬಲ್ಲವರು ಆ ಹೆಸರಿಟ್ಟರು. ಲ್ಯಾಟಿನ್ನಿನ ಲೆನ್ಸ್ ಎಂಬ ಪದಕ್ಕೂ ಅದೇ ಕಾಳು ಮೂಲವೆಂಬುದು ಕುತೂಹಲದ ಸಂಗತಿ.

ಬೆಳಕು ಒಂದು ಮಾಧ್ಯಮದಿಂದ ಮತ್ತೊಂದಕ್ಕೆ ಓರೆಯಾಗಿ ದಾಟುವಾಗ ಬಾಗುತ್ತದೆ. ಉಬ್ಬು ಮೇಲ್ಮೈಯ ಅಂಚಿನಲ್ಲಿ ಅದು ಹೆಚ್ಚು ಬಾಗುತ್ತದೆ, ನಟ್ಟನಡುವೆ ಬಾಗದೆ ನೇರ ಸಾಗುತ್ತದೆ. ಹಾಗಾಗಿ ಎಲ್ಲ ಕಿರಣಗಳೂ ಒಂದೆಡೆ ಕೂಡುತ್ತವೆ. ಮೇಲ್ಮೈ ಎಷ್ಟು ದುಂಡಗೋ ಕೂಡುವ ಬಿಂದು ಅಷ್ಟು ಹತ್ತಿರ. ನಡು ದಪ್ಪವಾಗಿರುವುದು ಈ ದುಂಡುತನದ ಫಲ. ಬರಿಯ ದಪ್ಪದಿಂದ ಏನೂ ಆಗುವುದಿಲ್ಲ, ಕಿಟಕಿಯ ಚಪ್ಪಟೆ ಗಾಜು ಎಷ್ಟೇ ದಪ್ಪವಿದ್ದರೂ ಬೆಳಕನ್ನು ಕೂಡಿಸದು. ಕಣ್ಣಿನ ಒಟ್ಟು ಶಕ್ತಿ ಸುಮಾರು 60 ಡಯಾಪ್ಟರ್. ಅದರಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಮುಂಭಾಗದ ಗಾಜಿನಂಥ ಪದರವಾದ ಕಾರ್ನಿಯಾದ್ದು, ಉಳಿದದ್ದು ಮಸೂರದ್ದು. (ನೇತ್ರದಾನದಲ್ಲಿ ಬೇರೆಯವರಿಗೆ ಜೋಡಿಸುವುದು ಕಾರ್ನಿಯಾವನ್ನು. 2006ರಲ್ಲಿ ಡಾ. ರಾಜ್‌ಕುಮಾರ್ ಅವರ ನೇತ್ರದಾನದ ನಂತರ ಆ ಪದ ಮನೆಮಾತಾದರೂ, ಪೊರೆ ಬಂದವರಿಗೆ ದಾನದ ಕಣ್ಣು ಬೇಕೆಂಬ ತಪ್ಪು ತಿಳಿವಳಿಕೆ ಇನ್ನೂ ಕೆಲವರಲ್ಲಿದೆ.)

ಕಾರ್ನಿಯಾ ತನ್ನ ಆಕಾರ ಬದಲಿಸದು, ಮಸೂರ ಬದಲಿಸಬಲ್ಲುದು. ದೂರದ ಜೋಳದ ಹೊಲವನ್ನು ನೋಡುವಾಗ ಅದು ಚಪ್ಪಟೆಯಾಗುತ್ತದೆ. ಸೂಜಿಗೆ ದಾರ ಪೋಣಿಸುವಾಗ ಸುತ್ತಲಿನ ಸ್ನಾಯು ಬಿಗಿದು, ಮಸೂರವನ್ನು ಎಳೆದುಕಟ್ಟಿದ ಎಳೆಗಳು ಸಡಿಲವಾಗಿ, ಅದು ದುಂಡಗೆ ದಪ್ಪಗಾಗುತ್ತದೆ. ವಯಸ್ಸಾದಂತೆ ಮಸೂರ ಗಡುಸಾಗಿ ಈ ಬಾಗುವಿಕೆ ಕಳೆದುಹೋಗುವುದೇ ಚಾಳೀಸು. ಇನ್ನೂ ಮುಂದೆ ಹೋಗಿ ಅದರೊಳಗಿನ ಪ್ರೋಟೀನು ಗಂಟುಕಟ್ಟಿ, ಕುದಿಸಿದ ಮೊಟ್ಟೆಯ ಬಿಳಿಯಂತೆ ಬೆಳಕನ್ನು ತಡೆಯತೊಡಗಿದರೆ ಅದೇ ಪೊರೆ. ಹೊರಗಿನಿಂದ ಬಂದು ಕಣ್ಣನ್ನು ಮುಚ್ಚುವ ಪರದೆ ಅದಲ್ಲ, ಕಣ್ಣಿನ ಮಸೂರವೇ ಮಂಜಾಗಿರುವುದು. ಔಷಧಿಯಿಂದ, ಸೊಪ್ಪಿನ ರಸದಿಂದ ಅದು ಕರಗದು.

ಭಾರತದಲ್ಲಿ ಸುಶ್ರುತನ ಕಾಲದಿಂದಲೂ ಬಂದ ಪದ್ಧತಿಯಲ್ಲಿ ಸೂಜಿಯಿಂದ ಈ ಮಸೂರವನ್ನು ಕಣ್ಣಿನೊಳಕ್ಕೇ ಕೆಳಗೆ ತಳ್ಳಲಾಗುತ್ತಿತ್ತು. ಊರೂರು ತಿರುಗುವ ನಾಟಿ ಚಿಕಿತ್ಸಕರು ಇಪ್ಪತ್ತನೆಯ ಶತಮಾನದಲ್ಲೂ ಇದನ್ನು ಮಾಡುತ್ತಿದ್ದರು. ರೋಗಿಗೆ ತಟ್ಟನೆ ಬೆಳಕು ಕಾಣುತ್ತಿತ್ತು, ಆದರೆ ಹಲವರ ಕಣ್ಣು ಕೆಲ ದಿನಗಳಲ್ಲೇ ಕೆಡುತ್ತಿತ್ತು, ಅಷ್ಟರಲ್ಲಿ ಚಿಕಿತ್ಸಕ ಊರು ದಾಟಿರುತ್ತಿದ್ದ. ಮೋದಿ ಅವರ ತಲೆಮಾರಿನ ಶಸ್ತ್ರವೈದ್ಯರು ಮಸೂರವನ್ನು ಅದರ ಚೀಲದ ಸಮೇತ ಹೊರತೆಗೆಯುವ ವಿಧಾನವನ್ನು ಅನುಸರಿಸಿದರು. ಶಾಲೆ, ಛತ್ರ, ಮಠಗಳೇ ವಾರ್ಡುಗಳಾಗುತ್ತಿದ್ದವು. ಶಸ್ತ್ರಚಿಕಿತ್ಸೆಯಾದವರು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು. ಊರ ಜನ ಗಂಜಿ, ಅನ್ನ ಒದಗಿಸುತ್ತಿದ್ದರು. ಸರ್ಕಾರದ ಹಣಕ್ಕಿಂತ ಸ್ಥಳೀಯ ವರ್ತಕರು, ಮಠಗಳು, ಸೇವಾ ಸಂಸ್ಥೆಗಳ ನೆರವಿನಿಂದಲೇ ನಡೆಯುತ್ತಿದ್ದ ವ್ಯವಸ್ಥೆ ಅದು.

ಒಂದು ಕಣ್ಣಿಗೆ ಒಂದು ನಿಮಿಷ

ಮೋದಿ ಅವರ ಕೆಲಸದ ಪ್ರಮಾಣ ಇಂದಿಗೂ ದಂಗುಬಡಿಸುವಂಥದು. ಗಿನ್ನೆಸ್ ದಾಖಲೆ ಪುಸ್ತಕದ ಪ್ರಕಾರ 1943ರಿಂದ 1993ರ ಫೆಬ್ರುವರಿವರೆಗೆ ಅವರು ಭೇಟಿ ನೀಡಿದ ಹಳ್ಳಿಗಳು 46,120, ಪರೀಕ್ಷಿಸಿದ ರೋಗಿಗಳು 1,21,18,630, ನಡೆಸಿದ ಶಸ್ತ್ರಚಿಕಿತ್ಸೆಗಳು 6,10,564. ಒಂದೇ ದಿನ 833 ಪೊರೆ ಶಸ್ತ್ರಚಿಕಿತ್ಸೆ ನಡೆಸಿದ್ದೂ ಅದೇ ದಾಖಲೆಯಲ್ಲಿದೆ. ದಿನಕ್ಕೆ ಹದಿನಾಲ್ಕು ತಾಸು ನಿಂತೇ ದುಡಿದರೆಂದು ಹಿಡಿದರೂ ಒಂದು ಕಣ್ಣಿಗೆ ಸಿಕ್ಕದ್ದು ಹೆಚ್ಚುಕಡಿಮೆ ಒಂದು ನಿಮಿಷ.

ಈ ಅಂಕಿಗಳನ್ನು ಇನ್ನೊಂದು ಬಗೆಯಲ್ಲಿ ಓದಿದರೆ ಬೇರೆಯದೇ ಚಿತ್ರ ಸಿಗುತ್ತದೆ. ಅವರು ನೋಡಿದ ಪ್ರತಿ ಇಪ್ಪತ್ತು ಜನರಲ್ಲಿ ಶಸ್ತ್ರಚಿಕಿತ್ಸೆಯ ಮೇಜು ಏರಿದವರು ಒಬ್ಬರು ಮಾತ್ರ. ಉಳಿದ ಹತ್ತೊಂಬತ್ತು ಮಂದಿಯಲ್ಲಿ ಚಾಳೀಸಿನವರು, ಕಣ್ಣುಬೇನೆಯವರು, ಸುಮ್ಮನೆ ತೋರಿಸಿಕೊಳ್ಳಲು ಬಂದವರು, ಇನ್ನು ಏನೂ ಮಾಡಲಾಗದ ಸ್ಥಿತಿಗೆ ತಲುಪಿದ್ದವರೂ ಇದ್ದಿರಬೇಕು. ಪತ್ರಿಕೆಗಳು 833ರ ಸಂಖ್ಯೆಯನ್ನು ಮತ್ತೆ ಮತ್ತೆ ಅಚ್ಚುಹಾಕಿದವು. ಈ ವರದಿಗಾರನ ಮಟ್ಟಿಗೆ ಒಂದು ಕೋಟಿ ಇಪ್ಪತ್ತೊಂದು ಲಕ್ಷವೇ ಹೆಚ್ಚು ದೊಡ್ಡ ಸಾಧನೆ. ಕಣ್ಣಿಗೂ ಒಬ್ಬ ವೈದ್ಯನಿದ್ದಾನೆ, ಕುರುಡು ಹಣೆಬರಹವಲ್ಲ ಎಂಬ ತಿಳಿವಳಿಕೆ ಅಷ್ಟು ಜನರ ಮನೆಗೆ ಆ ಮೂಲಕ ಹೋಯಿತು.

ಗಿನ್ನೆಸ್ ಲೆಕ್ಕದಲ್ಲಿ ಒಂದು ಅಂಕಿ ಮಾತ್ರ ಇಲ್ಲ. ಕನ್ನಡಕದ್ದು.

ಮೂಗಿನ ಮೇಲಿನ ಮಸೂರ

ಮಸೂರ ತೆಗೆದ ಕಣ್ಣಿಗೆ ಬೆಳಕು ನುಗ್ಗುತ್ತದೆ, ಆದರೆ ಅದು ಅಕ್ಷಿಪಟದ ಮೇಲೆ ಕೂಡುವುದಿಲ್ಲ. ಕಾರ್ನಿಯಾ ಒಂದೇ ಆ ಕೆಲಸಕ್ಕೆ ಸಾಲದು. ಎದುರಿಗೆ ನಿಂತ ಮಗಳ ಮುಖ ಮಬ್ಬು ಮಚ್ಚೆಯಾಗಿ ಉಳಿಯುತ್ತದೆ. ಕಳೆದುಹೋದ ಶಕ್ತಿಯನ್ನು ಹೊರಗಿನಿಂದ ತುಂಬಲೇಬೇಕು. ಕಣ್ಣಿನೊಳಗೆ ಸುಮಾರು 20 ಡಯಾಪ್ಟರಿನಷ್ಟಿದ್ದ ಮಸೂರದ ಕೊರತೆಯನ್ನು, ಕಣ್ಣಿನಿಂದ ಬೆರಳಿನಗಲ ಮುಂದಿರುವ ಗಾಜು 10ರಿಂದ 12 ಡಯಾಪ್ಟರಿನಲ್ಲೇ ತುಂಬುತ್ತದೆ. ಉಬ್ಬು ಮಸೂರವನ್ನು ಕಣ್ಣಿನಿಂದ ದೂರ ಸರಿಸಿದಷ್ಟೂ ಅದರ ಪರಿಣಾಮ ಹೆಚ್ಚುವುದೇ ಇದಕ್ಕೆ ಕಾರಣ. ಇಷ್ಟು ಶಕ್ತಿಗೆ ಗಾಜಿನ ನಡುಭಾಗ ಅರ್ಧ ಸೆಂಟಿಮೀಟರಿಗಿಂತ ದಪ್ಪವಾಗುತ್ತಿತ್ತು. ಕಿವಿಯ ಹಿಂದೆ, ಮೂಗಿನ ಮೇಲೆ ಹುಣ್ಣಾಗುವಷ್ಟು ಭಾರ.

ಆ ಗಾಜಿನ ಮೂಲಕ ಕಾಣುತ್ತಿದ್ದ ಲೋಕ ಹಳೆಯ ಲೋಕವಾಗಿರಲಿಲ್ಲ. ಎಲ್ಲವೂ ಕಾಲು ಪಾಲಿಗೂ ಮಿಕ್ಕಿ ದೊಡ್ಡದಾಗಿ, ಹಾಗಾಗಿ ಹತ್ತಿರದಲ್ಲಿರುವಂತೆ ಕಾಣುತ್ತಿತ್ತು. ನೀರಿನ ಲೋಟಕ್ಕೆ ಚಾಚಿದ ಕೈ ಲೋಟದ ಈಚೆಗೇ ನಿಲ್ಲುತ್ತಿತ್ತು. ಮೆಟ್ಟಿಲು ಇಳಿಯುವಾಗ ಕಾಲು ತಪ್ಪುತ್ತಿತ್ತು. ಉಬ್ಬು ಗಾಜು ನಡುವಿಗಿಂತ ಅಂಚಿನಲ್ಲಿ ಹೆಚ್ಚು ಹಿಗ್ಗಿಸುವುದರಿಂದ ಬಾಗಿಲ ಚೌಕಟ್ಟಿನ ನೆಟ್ಟನೆಯ ಮರ ಒಳಕ್ಕೆ ಬಾಗಿದಂತೆ ತೋರುತ್ತಿತ್ತು. ಗಾಜಿನ ಅಂಚಿನ ಸುತ್ತ ಬಳೆಯಾಕಾರದ ಒಂದು ಕುರುಡು ವಲಯವಿರುತ್ತಿತ್ತು. ಬದಿಯಿಂದ ಬರುವ ಎತ್ತಿನ ಗಾಡಿ ಆ ವಲಯದಲ್ಲಿ ಮಾಯವಾಗಿ, ತಟ್ಟನೆ ಮುಂದೆ ಎರಗಿದಂತೆ ಕಾಣಿಸಿಕೊಳ್ಳುತ್ತಿತ್ತು. ಕೊಟ್ಟೂರೇಶ್ವರನ ತೇರಿನ ಜನಜಂಗುಳಿಯಲ್ಲೋ ಮೈಲಾರದ ಜಾತ್ರೆಯಲ್ಲೋ ಅಂಥವರು ಒಬ್ಬರೇ ನಡೆಯುವುದು ಎಷ್ಟು ಕಷ್ಟವಾಗಿದ್ದೀತೆಂದು ಊಹಿಸಬಹುದು. ಶಸ್ತ್ರಚಿಕಿತ್ಸೆ ಒಂದೇ ಕಣ್ಣಿಗೆ ಆಗಿ ಇನ್ನೊಂದು ಕಣ್ಣು ಇನ್ನೂ ಚೆನ್ನಾಗಿದ್ದರೆ ತೊಂದರೆ ಮತ್ತೊಂದು ಬಗೆಯದು. ಎರಡು ಕಣ್ಣುಗಳ ಬಿಂಬದ ಗಾತ್ರ ಬೇರೆಬೇರೆಯಾಗಿ ಮಿದುಳು ಅವನ್ನು ಒಂದಾಗಿಸಲಾರದೆ ಹೋಗುತ್ತಿತ್ತು.

ಗಾಜು ತನ್ನ ಆಕಾರ ಬದಲಿಸದು. ದೂರಕ್ಕೆ ಹೊಂದಿಸಿದ ಕನ್ನಡಕದಲ್ಲಿ ಪಂಚಾಂಗ ಓದಲಾಗದು. ಇದಕ್ಕೆ ಎಷ್ಟೋ ಹಿರಿಯರು ತಾವೇ ಉಪಾಯ ಕಂಡುಕೊಂಡಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದರೆ ಅಕ್ಷರ ಮೂಡುತ್ತಿತ್ತು. ಗಾಜು ದೂರ ಸರಿದಷ್ಟೂ ಪರಿಣಾಮ ಹೆಚ್ಚುವ ಅದೇ ನಿಯಮ. ಶಾಲೆಯ ಮೆಟ್ಟಿಲು ಹತ್ತದವರೂ ದ್ಯುತಿವಿಜ್ಞಾನದ ಈ ಪಾಠವನ್ನು ಅನುಭವದಿಂದ ಕಲಿತರು.

ಬಣ್ಣದ ಬದಲಾವಣೆಯೂ ಇತ್ತು. ವಯಸ್ಸಾದ ಮಸೂರ ಹಳದಿಗಟ್ಟಿ ನೀಲಿ ಬೆಳಕನ್ನು ಹೀರಿಕೊಂಡಿರುತ್ತದೆ. ಅದು ಹೋದೊಡನೆ ಲೋಕ ನೀಲಿಯಾಗಿ, ಕಣ್ಣು ಕೋರೈಸುವಂತೆ ತೋರುತ್ತದೆ. 1923ರಲ್ಲಿ ಪೊರೆ ತೆಗೆಸಿಕೊಂಡ ಫ್ರಾನ್ಸಿನ ಹೆಸರಾಂತ ಚಿತ್ರಕಾರ ಕ್ಲೋಡ್ ಮೊನೆ ಈ ನೀಲಿಯಿಂದಲೂ ದಪ್ಪ ಗಾಜಿನ ವಕ್ರತೆಯಿಂದಲೂ ಬಹಳ ಕಾಲ ಬೇಸತ್ತಿದ್ದರು. ಪ್ಯಾರಿಸಿನ ತಜ್ಞರ ಆರೈಕೆಯಲ್ಲಿದ್ದವರ ಪಾಡೇ ಹೀಗಾದರೆ ನಮ್ಮ ಹಳ್ಳಿಗರದು ಹೇಗಿದ್ದೀತು?

ಎಲ್ಲಕ್ಕಿಂತ ದೊಡ್ಡ ಅಪಾಯ ಗಾಜು ಒಡೆಯುವುದು. ಎಮ್ಮೆಯ ಬಾಲ ಬೀಸಿಯೋ ಮೊಮ್ಮಗನ ಕೈ ತಾಗಿಯೋ ಕನ್ನಡಕ ನೆಲಕ್ಕೆ ಬಿದ್ದರೆ, ಯಶಸ್ವಿ ಶಸ್ತ್ರಚಿಕಿತ್ಸೆಯಾದ ಮನುಷ್ಯ ಆ ಕ್ಷಣವೇ ಮತ್ತೆ ಹೆಚ್ಚುಕಡಿಮೆ ಕುರುಡ. ಶಿಬಿರ ಮುಗಿದು ವೈದ್ಯರು ಮುಂದಿನ ಊರಿಗೆ ಹೋಗಿರುತ್ತಿದ್ದರು. ಅಂಥ ಗಾಜು ಸಂತೆಯಲ್ಲಿ ಸಿಗುತ್ತಿರಲಿಲ್ಲ. ಪಟ್ಟಣಕ್ಕೆ ಕರೆದೊಯ್ದು ಹೊಸದು ಮಾಡಿಸಿಕೊಡುವವರು ಮನೆಯಲ್ಲಿರಬೇಕಿತ್ತು. ವಿಧವೆಯಾದ ಮುದುಕಿಗೆ ಅಂಥವರು ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ಸಾಮೂಹಿಕ ಶಿಬಿರಗಳ ಯುಗವನ್ನು ತೂಗುವಾಗ ಎಷ್ಟು ಕಣ್ಣುಗಳಿಗೆ ಶಸ್ತ್ರಚಿಕಿತ್ಸೆಯಾಯಿತು ಎಂಬುದರಷ್ಟೇ, ಐದು ವರ್ಷದ ನಂತರ ಎಷ್ಟು ಮೂಗುಗಳ ಮೇಲೆ ಗಾಜು ಉಳಿದಿತ್ತು ಎಂಬುದೂ ಮುಖ್ಯವಾಗಬೇಕಿತ್ತು. ಇದು ಮೋದಿ ಒಬ್ಬರ ಲೋಪವಲ್ಲ, ಆ ಕಾಲದ ವಿಜ್ಞಾನದ ಮಿತಿ. ಅವರು ಆರಂಭಿಸಿದಾಗ ಜಗತ್ತಿನ ಯಾವ ಶ್ರೀಮಂತನಿಗೂ ಇದಕ್ಕಿಂತ ಉತ್ತಮವಾದದ್ದು ಲಭ್ಯವಿರಲಿಲ್ಲ.

ಲಂಡನ್ನಿನಲ್ಲಿ ಆದ ಎಡವಟ್ಟು

ಪರಿಹಾರ ಹುಟ್ಟಿದ್ದು ಯುದ್ಧದಿಂದ. ಎರಡನೇ ಮಹಾಯುದ್ಧದಲ್ಲಿ ಗಾಯಗೊಂಡ ಬ್ರಿಟಿಷ್ ಪೈಲಟ್‌ಗಳ ಕಣ್ಣಿನಲ್ಲಿ ಹೊಕ್ಕಿದ್ದ ವಿಮಾನದ ಪಾರದರ್ಶಕ ಪ್ಲಾಸ್ಟಿಕ್ ಚೂರುಗಳು ಯಾವ ಉರಿಯೂತವನ್ನೂ ಉಂಟುಮಾಡದೆ ಸುಮ್ಮನಿದ್ದುದನ್ನು ಡಾ. ಹೆರಾಲ್ಡ್ ರಿಡ್ಲಿ ಗಮನಿಸಿದ್ದರು. ಅದೇ ವಸ್ತುವಿನಿಂದ ಮಸೂರ ಮಾಡಿಸಿ, 1949ರ ನವೆಂಬರ್ 29ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಮಹಿಳೆಯೊಬ್ಬರ ಕಣ್ಣಿನೊಳಗೆ ಇರಿಸಿದರು. ಪಾಟಣದ ಶಿಬಿರ ನಡೆದು ಆಗ ಆರೇ ವರ್ಷ.

ಆಕೆಗೆ ಬೆಳಕು ಬಂತು, ಜೊತೆಗೆ 18 ಡಯಾಪ್ಟರಿನಷ್ಟು ಭಾರೀ ಸಮೀಪದೃಷ್ಟಿಯೂ ಬಂತು. ರಿಡ್ಲಿ ಅವರು ಸಹಜ ಮಸೂರದ ಉಬ್ಬನ್ನೇ ನಕಲು ಮಾಡಿದ್ದರು. ಬೆಳಕು ಎಷ್ಟು ಬಾಗುತ್ತದೆ ಎಂಬುದು ಆಕಾರದ ಜೊತೆಗೆ ಮಸೂರಕ್ಕೂ ಅದರ ಸುತ್ತಲಿನ ದ್ರವಕ್ಕೂ ಇರುವ ವಕ್ರೀಭವನ ಸೂಚ್ಯಂಕದ ಅಂತರವನ್ನು ಅವಲಂಬಿಸಿದೆ. ದ್ರವದ ಸೂಚ್ಯಂಕ 1.34ರ ಆಸುಪಾಸು, ಸಹಜ ಮಸೂರದ್ದು 1.42, ಪ್ಲಾಸ್ಟಿಕ್ಕಿನದು 1.49. ಅಂತರ ಹತ್ತಿರಹತ್ತಿರ ಎರಡು ಪಟ್ಟಾಯಿತು. ಅದೇ ಆಕಾರ, ಎರಡು ಪಟ್ಟು ಶಕ್ತಿ. ಮುಂದಿನ ಮಸೂರಗಳ ಉಬ್ಬನ್ನು ತಗ್ಗಿಸಿ ಈ ದೋಷವನ್ನು ಸರಿಪಡಿಸಲಾಯಿತು. ಇಂದು ಕಣ್ಣಿನೊಳಗೆ ಇರಿಸುವ ಮಸೂರದ ದೃಷ್ಟಿಭಾಗ 6 ಮಿಲಿಮೀಟರ್ ಅಗಲ, ಸುಮಾರು ಒಂದು ಮಿಲಿಮೀಟರ್ ದಪ್ಪ. ಸಹಜ ಮಸೂರದ ಜಾಗದಲ್ಲೇ ಕೂರುವುದರಿಂದ ಬಿಂಬ ಹಿಗ್ಗುವುದಿಲ್ಲ, ಬಾಗಿಲು ಬಾಗುವುದಿಲ್ಲ, ಒಡೆಯುವ ಭಯವಿಲ್ಲ.

ರಿಡ್ಲಿ ಅವರ ಸಾಧನೆಯನ್ನು ಅವರ ಸಹೋದ್ಯೋಗಿಗಳೇ ದಶಕಗಳ ಕಾಲ ವಿರೋಧಿಸಿದರು. ಬಡ ದೇಶಗಳಿಗೆ ಅದು ತಲುಪಲು ಬೆಲೆಯೂ ಅಡ್ಡಿಯಾಯಿತು. 1992ರಲ್ಲಿ ಮದುರೈನ ಅರವಿಂದ ಕಣ್ಣಾಸ್ಪತ್ರೆಯ ಅಂಗವಾಗಿ ಅರೋಲ್ಯಾಬ್ ಆರಂಭವಾಗಿ, ವಿದೇಶಿ ಮಸೂರದ ಬೆಲೆಯ ಸಣ್ಣದೊಂದು ಪಾಲಿಗೆ ಇಲ್ಲಿಯೇ ಮಸೂರ ತಯಾರಾದ ನಂತರ ಚಿತ್ರ ಬದಲಾಯಿತು. ಗಿನ್ನೆಸ್ ಪುಸ್ತಕ ಮೋದಿ ಅವರ ಲೆಕ್ಕವನ್ನು ನಿಲ್ಲಿಸಿದ್ದು ಅದರ ಮರುವರ್ಷದ ಫೆಬ್ರುವರಿಗೆ ಎಂಬುದು ಕಾಕತಾಳೀಯ. ಕೃತಕ ಮಸೂರ ಇರಿಸಲು ಸೂಕ್ಷ್ಮದರ್ಶಕ ಬೇಕು, ಕಣ್ಣುಗುಡ್ಡೆಯ ಉದ್ದವನ್ನು ಅಳೆಯುವ ಯಂತ್ರ ಬೇಕು. ಆ ಅಳತೆಯಲ್ಲಿ ಒಂದು ಮಿಲಿಮೀಟರ್ ತಪ್ಪಿದರೂ ಎರಡೂವರೆ ಡಯಾಪ್ಟರಿನಷ್ಟು ದೃಷ್ಟಿದೋಷ ಉಳಿಯುತ್ತದೆ. ಶಾಲೆಯ ಕೊಠಡಿಯಲ್ಲಿ, ಡೇರೆಯಲ್ಲಿ ಇದು ಆಗುವ ಕೆಲಸವಲ್ಲ. ಹಳ್ಳಿಯಲ್ಲಿ ತಪಾಸಣೆ ಮಾಡಿ, ಬಸ್ಸಿನಲ್ಲಿ ಆಸ್ಪತ್ರೆಗೆ ಕರೆದೊಯ್ದು ಶಸ್ತ್ರಚಿಕಿತ್ಸೆ ಮಾಡಿಸಿ ಮರಳಿ ತಂದುಬಿಡುವ ಪದ್ಧತಿ ರೂಢಿಗೆ ಬಂತು. ಅದನ್ನು ಕಡೆಗಣಿಸಿದ ಶಿಬಿರಗಳಲ್ಲಿ ಅನಾಹುತಗಳೂ ನಡೆದವು. 2014ರಲ್ಲಿ ಪಂಜಾಬಿನ ಗುರುದಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಹಲವರು ದೃಷ್ಟಿ ಕಳೆದುಕೊಂಡದ್ದು ದೇಶದ ಗಮನ ಸೆಳೆದಿತ್ತು.

ಹಾಗೆಂದು ಮೋದಿ ಅವರ ವೇಗವನ್ನು ಇಂದಿನ ಅಳತೆಗೋಲಿನಿಂದ ಅಳೆದು ಹೀಗಳೆಯುವುದು ನ್ಯಾಯವಲ್ಲ. ಹಳ್ಳಿಗೆ ಹೋಗಿ ರೋಗಿಯನ್ನು ಹುಡುಕುವ ಅವರ ಪದ್ಧತಿಯ ಅರ್ಧಭಾಗ ಇಂದಿಗೂ ಉಳಿದಿದೆ. ಬದಲಾದದ್ದು ಕತ್ತರಿ ಹಿಡಿಯುವ ಜಾಗ ಮಾತ್ರ. ಹರಪನಹಳ್ಳಿಯನ್ನೇ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ, ಬಳಿಕ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಬಂದಿರುವ ತಾಲೂಕು ಅದು. ಜಿಲ್ಲಾ ಕೇಂದ್ರ ಬದಲಾದಂತೆಲ್ಲ ಅಲ್ಲಿನ ಮುದುಕರಿಗೆ ಸರ್ಕಾರಿ ದೊಡ್ಡಾಸ್ಪತ್ರೆಯ ವಿಳಾಸವೂ ಬದಲಾಗಿದೆ. ಕಣ್ಣು ಮಂಜಾದವರಿಗೆ ದೂರವೇ ಮೊದಲ ಅಡ್ಡಿ ಎಂಬ ಮೋದಿ ಅವರ ತಿಳಿವಳಿಕೆ ಈ ಸೀಮೆಯಲ್ಲಿ ಇನ್ನೂ ಹಳತಾಗಿಲ್ಲ.

ಸರ್ಕಾರ 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನು ನೀಡಿ ಮೋದಿ ಅವರನ್ನು ಗೌರವಿಸಿತು. ಬೆಂಗಳೂರಿನ ಪಶ್ಚಿಮ ಕಾರ್ಡ್ ರಸ್ತೆಯ ಬಳಿ ಅವರ ಹೆಸರಿನ ಧರ್ಮಾರ್ಥ ಕಣ್ಣಾಸ್ಪತ್ರೆ ತಲೆಯೆತ್ತಿತು. ಊರೂರು ಅಲೆದ ವೈದ್ಯ ಕಡೆಗಾಲದಲ್ಲಿ ಆ ನಗರದಲ್ಲಿ ನೆಲೆನಿಂತರು. 2005ರ ನವೆಂಬರ್ 11ರಂದು ಬೆಂಗಳೂರಿನಲ್ಲಿ ನಿಧನರಾದಾಗ ಅವರಿಗೆ 89 ವರ್ಷ. ಆ ಹೊತ್ತಿಗಾಗಲೇ ದೇಶದಲ್ಲಿ ಪೊರೆ ತೆಗೆಸಿಕೊಂಡವರಲ್ಲಿ ಹೆಚ್ಚಿನವರು ಕಣ್ಣಿನೊಳಗೇ ಹೊಸ ಮಸೂರ ಇರಿಸಿಕೊಂಡು ಮನೆಗೆ ಮರಳುತ್ತಿದ್ದರು. ಸೋಡಾ ಗ್ಲಾಸಿನ ಕನ್ನಡಕ ಅಂಗಡಿಗಳಿಂದ ಮೆಲ್ಲಗೆ ಮರೆಯಾಗತೊಡಗಿತ್ತು.